ಹಾಳೆತಟ್ಟೆ ಹಡಗು ಹತ್ತಿದ್ದು

ಹೊರದೇಶಕ್ಕೆ ಹೋಗುವ ಸಾಮಾನಿಗೆ ಹಡಗಿನಲ್ಲಿ ಜಾಗ ಹಿಡಿದು, ಅದರ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಆಫೀಸು ಇರುವುದು ಪುತ್ತೂರಿನಲ್ಲಿ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಎದುರಿನ ಬೇಕರಿ ಕಾಣುತ್ತದೆ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಹಡಗನ್ನು ಹತ್ತಿರದಿಂದ ನೋಡಿದವರಲ್ಲ. ಹಾಗಾಗಿ ಇಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಈಶ್ವರಮಂಗಲದ ಅಕ್ಕ ಒಬ್ಬರು ಮೊದಲ ಕಂಟೇನರ್ ಕಳಿಸಿದಾಗಿನ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಇಳಿದು ಹತ್ತುವ ವಿಚಾರ

ಅಕ್ಕನದು ಹಾಳೆತಟ್ಟೆಯ ಘಟಕ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ಮೆಷಿನಿನಲ್ಲಿ ಒತ್ತಿ ಊಟದ ತಟ್ಟೆ ಮಾಡುತ್ತಾರೆ. ದುಬೈಯ ವ್ಯಾಪಾರಿಯೊಬ್ಬ ಒಂದು ಕಂಟೇನರ್ ತುಂಬ ತಟ್ಟೆ ಕೇಳಿದ್ದ. ಹೇಳಿದ ಹಡಗಿಗೆ ಮಾಲು ಬಾರದಿದ್ದರೆ ತಮಿಳುನಾಡಿನವರಿಂದ ತರಿಸಿಕೊಳ್ಳುತ್ತೇನೆ ಎಂದೂ ಹೇಳಿದ್ದ. ಅಕ್ಕನಿಗೆ ಅದೇ ತಲೆಬಿಸಿ.

ಆಫೀಸಿಗೆ ಬರುವಾಗ ಮಾವನನ್ನೂ ಕರೆದುಕೊಂಡು ಬಂದಿದ್ದರು. ನಾನು ದಾರಿ ವಿವರಿಸಿದೆ. ಮಂಗಳೂರಿನಿಂದ ಸಣ್ಣ ಹಡಗಿನಲ್ಲಿ ಕೊಲಂಬೋ, ಅಲ್ಲಿ ಇಳಿಸಿ ದೊಡ್ಡ ಹಡಗಿನಲ್ಲಿ ದುಬೈ.

ಮಾವನಿಗೆ ಸಿಟ್ಟು ಬಂತು. "ಎಂತ ಮಾರಾಯ್ರೆ ಇದು? ದುಬೈ ಇರುದು ಆಚೆ ಬದಿಗೆ, ನೀವು ತೆಂಕಕ್ಕೆ ಕಳಿಸ್ತೀರಲ್ಲ! ನನ್ನ ಅಜ್ಜನ ಕಾಲದಲ್ಲಿ ಹೊಳೆಬಾಯಿಗೊಂದು ಬಂದರು ಇತ್ತು. ಮಂಜಿಗೆ ಹತ್ತಿಸಿದ್ರೆ ಸೀದಾ ಅರಬರ ಊರು."

ಮಂಜಿ ಎಂದರೆ ಸರಕು ಸಾಗಿಸುವ ಹಾಯಿಹಡಗು. ಅವರು ಹೇಳಿದ್ದು ಸುಳ್ಳಲ್ಲ. ಹಡಗುಗಳು ದೊಡ್ಡದಾಗುತ್ತ ಹೋದವು, ಹೊಳೆಬಾಯಿಯ ನೀರು ಸಾಲಲಿಲ್ಲ. ಸರಕೆಲ್ಲ ಆಳ ಇರುವ ಒಂದು ಬಂದರಿಗೆ ಹೋಗಿ ಸೇರಿತು. ಹಳೆಯ ಬಂದರುಗಳಲ್ಲಿ ಈಗ ಮೀನಿನ ದೋಣಿ ಕಟ್ಟುತ್ತಾರೆ. ಆಮೇಲೆ ಬಂದ ಇನ್ನೂ ದೊಡ್ಡ ಹಡಗುಗಳಿಗೆ ಊರೂರಿನಲ್ಲಿ ನಿಲ್ಲಲು ಪುರುಸೊತ್ತಿಲ್ಲ. "ಈಶ್ವರಮಂಗಲದಿಂದ ಬೆಂಗಳೂರಿಗೆ ಹೋಗುವವರು ಪುತ್ತೂರಲ್ಲಿ ಇಳಿದು ದೊಡ್ಡ ಬಸ್ಸು ಹತ್ತುದಿಲ್ವಾ, ಹಾಗೆ" ಎಂದೆ.

ಮಾವ ಯೋಚಿಸಿದರು. "ಆಯ್ತು. ಬಸ್ಸು ಬದಲಿಸುವಾಗ ನಾನಾದ್ರೆ ಚೀಲದ ಮೇಲೆ ಕೈ ಇಟ್ಟುಕೊಂಡೇ ಕೂತ್ಕೊಳ್ತೇನೆ. ಕೊಲಂಬೋದಲ್ಲಿ ನಮ್ಮ ಸಾಮಾನು ನೋಡ್ಲಿಕ್ಕೆ ಯಾರಿದ್ದಾರೆ?"

ಕ್ರೇನ್ ಇದೆ, ಕಾವಲಿದೆ, ಕಂಪೆನಿಯವರಿದ್ದಾರೆ ಎಂದೆ.

"ಅದಲ್ಲ ಮಾರಾಯ್ರೆ, ನಮ್ಮ ಕಡೆಯವರು ಯಾರಾದ್ರೂ ಉಂಟಾ?"

ಎರಡು ಸಲ ಪುತ್ತೂರು

ಒಂದು ಕಂಟೇನರ್ ತುಂಬುವಷ್ಟು ತಟ್ಟೆ ಅಕ್ಕನ ಒಂದು ಘಟಕದಿಂದ ಆಗುವ ಮಾತಲ್ಲ. ಅರೆಬರೆ ತುಂಬಿಸಿ ಕಳಿಸಿದರೆ ಅಸಲೂ ಹುಟ್ಟುವುದಿಲ್ಲ. ಅಕ್ಕ ಸುತ್ತಲಿನ ಸಣ್ಣ ಘಟಕದವರಿಗೆಲ್ಲ ಫೋನ್ ಮಾಡಿದರು. ಜಾಲ್ಸೂರಿನಿಂದ ಪಿಕಪ್ ಬಂತು, ಕೊಲ್ಲಮೊಗ್ರಿನಿಂದ ಜೀಪು ಬಂತು. ಅಕ್ಕನ ಶೆಡ್ಡಿನಲ್ಲಿ ಕಾಲಿಡಲು ಜಾಗ ಇಲ್ಲ.

ಕಡಬದಿಂದ ಬಂದವರು ತಟ್ಟೆ ಇಳಿಸುತ್ತ ತಕರಾರು ತೆಗೆದರು. "ನಾನು ಪುತ್ತೂರು ದಾಟಿ ಇಲ್ಲಿಗೆ ಬಂದೆ. ಲಾರಿ ಇಲ್ಲಿಂದ ತಿರುಗಿ ಪುತ್ತೂರಿಗೇ ಹೋಗುದು. ನನ್ನ ತಟ್ಟೆಗೆ ಪುತ್ತೂರು ಎರಡೆರಡು ಸಲ ನೋಡುವ ಅಗತ್ಯ ಎಂತ? ಲಾರಿ ನಮ್ಮಲ್ಲಿಗೇ ಬರ್ಬಹುದಲ್ಲ?"

ಅಕ್ಕ ಕಟ್ಟು ಜೋಡಿಸುವುದನ್ನು ನಿಲ್ಲಿಸದೆ ಹೇಳಿದರು: "ಲೋಡು ಇದ್ದಲ್ಲಿಗೆ ಲಾರಿ ಬರ್ತದೆ. ಲಾರಿ ಬರುವಲ್ಲಿಗೇ ಎಲ್ಲರೂ ಲೋಡು ತರ್ತಾರೆ. ಒಮ್ಮೆ ಹಾಗಾದ ಮೇಲೆ ಯಾರಿಂದಲೂ ಬದಲಿಸ್ಲಿಕ್ಕಾಗುದಿಲ್ಲ."

"ಹಾಗಾದ್ರೆ ನಮ್ಮ ಕಡಬಕ್ಕೆ ಎಂತ ಬರುದು?"

"ಬಸ್ಸು ಬರ್ತದಲ್ಲ."

ಬರಿಗೈಲಿ ಕಳಿಸುವುದು ಹೇಗೆ

ಲೋಡ್ ಆಗುವ ದಿನ ನಾನೂ ಹೋಗಿದ್ದೆ. ಸಂಜೆ ಬಂದರಿನ ಗೇಟು ಮುಚ್ಚುವ ಮೊದಲು ಕಂಟೇನರ್ ಒಳಗೆ ಹೋಗಬೇಕು, ಇಲ್ಲದಿದ್ದರೆ ಹಡಗು ತಪ್ಪಿತು. ಇನ್ನೇನು ಬಾಗಿಲು ಹಾಕಬೇಕು, ನೋಡಿದರೆ ಮಾವ ಒಳಗೆ ಒಂದು ತೆಂಗಿನಕಾಯಿ, ಅದರ ಪಕ್ಕ ಅಡಿಕೆ ಹೂವಿನ ಹಿಂಗಾರದ ಗೊಂಚಲು ಇಟ್ಟು ಕೈಮುಗಿಯುತ್ತಿದ್ದಾರೆ.

ಕಾಗದದಲ್ಲಿ ಬರೆಯದ ಹಸಿ ಹೂವು, ಕಾಯಿ ದುಬೈಯಲ್ಲಿ ತಪಾಸಣೆಯವರ ಕಣ್ಣಿಗೆ ಬಿದ್ದರೆ ಇಡೀ ಕಂಟೇನರ್ ನಿಲ್ಲುತ್ತದೆ. ತೆಗೆಯಲೇಬೇಕು ಎಂದೆ.

"ಮೊದಲ ಸಲ ಮನೆಯಿಂದ ಹೊರಡುದು. ಬರಿಗೈಲಿ ಕಳಿಸುದು ಹೇಗೆ?" ಎಂದು ಗೊಣಗುತ್ತ ಮಾವ ತೆಗೆದರು, ಸೀದಾ ಲಾರಿಯ ಡ್ರೈವರನ ಹತ್ತಿರ ಹೋದರು. "ನಿನ್ನ ಹತ್ತಿರ ಇರ್ಲಿ ಮಗ. ಕೊಲಂಬೋದಲ್ಲಿ ನೀರಿಗೆ ಬಿಡು."

ಡ್ರೈವರ ನನ್ನ ಮುಖ ನೋಡಿದ. "ಅಜ್ಜ, ನಾನು ಮಂಗಳೂರಲ್ಲಿ ಪಣಂಬೂರು ಬಂದರಿನಲ್ಲಿ ಇಳಿಸಿ ವಾಪಸು ಬರುದು."

ಮಾವನ ಮುಖ ಸಣ್ಣದಾಯಿತು. "ನೀನು ದುಬೈಗೆ ಹೋಗುದಿಲ್ವಾ? ನಿನಗೆ ಅಂತ ಉಪ್ಪಿನಕಾಯಿ ಕಟ್ಟಿಸಿದ್ದೆನಲ್ಲ!"

ಆಚೆಮನೆಯ ಸೀಮಂತ

ಬಾಗಿಲು ಹಾಕಿ, ನಂಬರಿರುವ ಸೀಲ್ ಬೀಗ ಒತ್ತಿ ಆಗಿತ್ತು. ಲಾರಿ ಸ್ಟಾರ್ಟ್ ಆಗುವಾಗ ಆಚೆಮನೆಯವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದು ಎದುರಿಗೇ ನಿಂತರು. ಅವರದೂ ತಟ್ಟೆಯ ಘಟಕವೇ. ಇದ್ದದ್ದನ್ನೆಲ್ಲ ಅಕ್ಕನಿಗೆ ಕೊಟ್ಟಿದ್ದರು. ಮರುದಿನ ಅವರ ಮಗಳ ಸೀಮಂತ. ಮನೆಯಲ್ಲಿ ಹೆಂಡತಿ ತಟ್ಟೆ ಎಲ್ಲಿ ಎಂದು ಕೇಳಿದಾಗಲೇ ಅವರಿಗೆ ಒಂದೂ ಉಳಿದಿಲ್ಲ ಎಂದು ಗೊತ್ತಾದದ್ದು.

"ನನ್ನದೇ ತಟ್ಟೆ, ಬಾಗಿಲ ಹತ್ತಿರವೇ ಉಂಟು. ಎರಡು ಕಟ್ಟು ತೆಗೀರಿ."

ಸೀಲ್ ಒಡೆದರೆ ನಂಬರು ಬದಲಾಗುತ್ತದೆ, ಕಾಗದವೆಲ್ಲ ಹೊಸದಾಗಿ ಆಗಬೇಕು, ಅಷ್ಟರಲ್ಲಿ ಗೇಟು ಮುಚ್ಚುತ್ತದೆ ಎಂದೆ. ಅವರು ಕದಲಲಿಲ್ಲ. "ತಟ್ಟೆ ಮಾಡುವವನ ಮನೆಯಲ್ಲಿ ಸ್ಟೀಲ್ ಬಟ್ಟಲು ಇಡುದಾ? ಊರಿನವರು ನಗುದಿಲ್ವಾ?"

ಅಕ್ಕ ಲಾರಿಯನ್ನು ನೋಡಿದರು, ನೆರೆಮನೆಯವರನ್ನು ನೋಡಿದರು. ನನಗೆ ಪಾಪ ಅನಿಸಿತು. ಆರ್ಡರ್ ಹೋದರೂ ಕಷ್ಟ, ನೆರೆಮನೆ ಮುನಿಸಿಕೊಂಡರೂ ಕಷ್ಟ. ಕಡೆಗೆ ಹೇಳಿದರು: "ನಾಳೆ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲಿ ಹಾಳೆತಟ್ಟೆ ಇರ್ತದೆ. ನನ್ನ ಜವಾಬ್ದಾರಿ. ದಾರಿ ಬಿಡಿ ಅಣ್ಣ."

ಅವರು ಸರಿದರು, ಲಾರಿ ಹೋಯಿತು. ಹೊಸದಾಗಿ ಒತ್ತೋಣವೆಂದರೆ ಹಾಳೆಯೂ ಮುಗಿದಿತ್ತು; ಅಕ್ಕ ಫೋನ್ ಹಿಡಿದು ಕೂತರು. ಜಾಲ್ಸೂರಿನವರು ಖಾಲಿ ಎಂದರು. ಕೊಲ್ಲಮೊಗ್ರಿನವರೂ ಖಾಲಿ. ಕಡಬದವರು, "ಇದ್ದದ್ದೆಲ್ಲ ನಿಮಗೇ ಕೊಟ್ಟದ್ದಲ್ವಾ ಅಕ್ಕ?" ಎಂದು ತಿರುಗಿ ಕೇಳಿದರು. ಸುತ್ತಮುತ್ತ ಇದ್ದ ತಟ್ಟೆಯನ್ನೆಲ್ಲ ತಾನೇ ಒಂದು ಪೆಟ್ಟಿಗೆಗೆ ತುಂಬಿ ಬೀಗ ಹಾಕಿಸಿದ್ದೇನೆ ಎಂದು ಅಕ್ಕನಿಗೆ ಆಗ ಹೊಳೆಯಿತು. ಕೊನೆಗೆ ಪುತ್ತೂರಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಅಂಗಡಿಯವರು ಹೇಳಿದರು: "ನಿಮ್ಮ ಕಡೆಯಿಂದ ಬರುದು ನಿಂತಿತಲ್ಲ, ತಮಿಳುನಾಡಿನಿಂದ ತರಿಸಿದೆ."

ಸೀಮಂತದ ಊಟಕ್ಕೆ ನನ್ನನ್ನೂ ಕರೆದಿದ್ದರು. ಪಾಯಸ ಬಡಿಸುವ ಹೊತ್ತಿಗೆ ಕಂಟೇನರ್ ಹಡಗು ಹತ್ತಿದೆ ಎಂದು ನನ್ನ ಫೋನಿಗೆ ಮೆಸೇಜ್ ಬಂತು. ತೋರಿಸಿದಾಗ ಅಕ್ಕನ ಕಣ್ಣು ತುಂಬಿತು. ನನಗೂ ಬಹಳ ಸಂತೋಷವಾಯಿತು.

ಆಗ ಪಕ್ಕದಲ್ಲಿ ಉಣ್ಣುತ್ತಿದ್ದ ನೆಂಟರೊಬ್ಬರು ತಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, ಮನೆಯ ಯಜಮಾನರನ್ನು ಕರೆದರು. "ನಿಮ್ಮ ತಟ್ಟೆ ಈಗ ಎಷ್ಟು ಸುಧಾರಿಸಿದೆ ಮಾರಾಯ್ರೆ! ಮೊದಲಿನದು ಸಾರು ಬಿದ್ದ ಕೂಡಲೇ ಬಗ್ಗುತ್ತಿತ್ತು."

ಅಕ್ಕ ತಲೆ ತಗ್ಗಿಸಿ ಪಾಯಸ ಉಣ್ಣತೊಡಗಿದರು. ಯಜಮಾನರು ಮಾತ್ರ ಎದೆ ಉಬ್ಬಿಸಿ ಹೇಳಿದರು:

"ಇದು ಎಕ್ಸ್‌ಪೋರ್ಟ್ ಕ್ವಾಲಿಟಿ. ಊರಿನವರಿಗೆ ಹೀಗೆಲ್ಲ ಮಾಡಿದ್ರೆ ಗಿಟ್ಟುದಿಲ್ಲ."