ಸೀಟಿ ಊದುವವರೆಗೆ ಏಳದ ಮೈದುನ

ಸಿಂಚನಾ, ಪ್ರಣವ, ನಿಮ್ಮ ಚಿಕ್ಕತಾತನಷ್ಟು ಚೆನ್ನಾಗಿ ಬೀಳುವವರನ್ನು ಈ ಜನ್ಮದಲ್ಲಿ ನಾನು ನೋಡಿಲ್ಲ! ಎಲ್ಲರೂ ಬೀಳುತ್ತಾರೆ, ಅದರಲ್ಲೇನು ವಿಶೇಷ ಅನ್ನುತ್ತೀರಾ? ನಾವೆಲ್ಲ ಎಡವಿ ಬೀಳುತ್ತೇವೆ. ನನ್ನ ಈ ಮೈದುನ ಸಂಬಳ ತೆಗೆದುಕೊಂಡು ಬೀಳುತ್ತಿದ್ದ!

ತೊಂಬತ್ತರ ದಶಕದ ಮಾತು. ಬ್ಯಾಸ್ಕೆಟ್‌ಬಾಲ್ ಆಡಲೆಂದೇ ಪೀಣ್ಯದ ಒಂದು ಕಾರ್ಖಾನೆ ಅವನನ್ನು ತಾತ್ಕಾಲಿಕ ಕೆಲಸಕ್ಕೆ ಸೇರಿಸಿಕೊಂಡಿತ್ತು. ತಂಡ ಕಪ್ ಗೆದ್ದರೆ ಕೆಲಸ ಕಾಯಂ. ಆ ಪಂದ್ಯಗಳಿಗೆಲ್ಲ ರೆಫರಿ ಯಾರು? ನಿಮ್ಮ ತಾತ! ಆಟದ ನಿಯಮ ಪೂರ್ತಿ ಬಲ್ಲವರು ಆ ಸುತ್ತಮುತ್ತ ಅವರೊಬ್ಬರೇ. ಹಾಗಾಗಿ ತಮ್ಮನ ಪಂದ್ಯಕ್ಕೂ ಅಣ್ಣನದೇ ಸೀಟಿ. ಪಕ್ಷಪಾತ ಅನ್ನಬಾರದೆಂದು ಮೈದುನ ಮೈದಾನದಲ್ಲಿ ಅಣ್ಣನನ್ನು ‘ಸಾರ್’ ಎಂದೇ ಕರೆಯುತ್ತಿದ್ದ.

ನಾನು ಮೊದಲ ಸಲ ಪಂದ್ಯ ನೋಡಲು ಹೋದ ದಿನ, ಎದುರಿನವನ ಮೊಣಕೈ ಇವನ ಬನಿಯನ್ನಿಗೆ ತಾಗಿತೋ ಇಲ್ಲವೋ, ‘ಅಯ್ಯಯ್ಯೋ!’ ಎಂದು ಎರಡು ಮಾರು ಹಾರಿ ಅಂಗಾತ ಬಿದ್ದು ಕೈಕಾಲು ಅದುರಿಸಿದ. ನಮ್ಮೂರಲ್ಲಿ ಹಾಗೆ ಫಿಟ್ಸ್ ಬಂದು ಬಿದ್ದವರ ಕೈಗೆ ಕಬ್ಬಿಣ ಕೊಡುತ್ತಾರೆ. ನಾಲ್ಕು ಜನರ ಮುಂದೆ ತಲೆಯೆತ್ತದ ನಾನು, ಸೆರಗು ಸಿಕ್ಕಿಸಿಕೊಂಡು ಓಡಿ, ಮನೆಯ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದೆ. ಅವನು ಒಂದೇ ಕಣ್ಣು ತೆರೆದು ಪಿಸುಗುಟ್ಟಿದ: ‘ಅತ್ಗೆ, ಆಚೆ ಹೋಗಿ. ಅಣ್ಣ ಇನ್ನೂ ಊದಿಲ್ಲ!’

ಇನ್ನು ಆ ಸೀಟಿಯ ನ್ಯಾಯವೋ, ದೇವರಿಗೇ ಪ್ರೀತಿ! ಊದಿದರೆ ತಮ್ಮನ ಪರ ಅನ್ನುತ್ತಾರೆಂದು ಒಂದು ಪಂದ್ಯದಲ್ಲಿ ನಿಮ್ಮ ತಾತ ಬಾಯಿ ಬಿಗಿದುಕೊಳ್ಳುವರು. ಪಾಪ, ಅನ್ಯಾಯವಾಯಿತೇನೋ ಎಂದು ಮುಂದಿನದರಲ್ಲಿ ಅದಕ್ಕೂ ಸೇರಿಸಿ ಊದುವರು. ಊಟಕ್ಕೆ ಕೂತಾಗ ಜಗಳ.

‘ನಿನ್ನೆ ಊದಿದ್ರಿ, ಇವತ್ತ್ಯಾಕೆ ಊದ್ಲಿಲ್ಲ ಸಾರ್?’

‘ನಿನ್ನೆ ಚೆನ್ನಾಗಿ ಬಿದ್ದಿದ್ದೆ ಕಣೋ.’

ಕೊನೆಗೂ ಕಪ್ಪಿನ ಪಂದ್ಯ ಬಂತು. ನಮ್ಮವರು ಒಂದೇ ಅಂಕ ಹಿಂದೆ, ಆಟ ಇನ್ನೇನು ಮುಗಿಯಬೇಕು. ಮೈದುನ ಚೆಂಡು ಹಿಡಿದು ನೆಗೆದ, ಬಿದ್ದ. ಅದೇನು ಬಿದ್ದನೆನ್ನುತ್ತೀರಿ! ಗಾಳಿಯಲ್ಲೇ ಒಂದು ಗಳಿಗೆ ಮಲಗಿ, ಆಮೇಲೆ ನೆಲಕ್ಕೆ ಬಂದ. ಸೀಟಿ ಕೂಗಿತು. ಯಾರೂ ಅಡ್ಡ ಬರದ ಎರಡು ಎಸೆತ. ಎರಡೂ ಬುಟ್ಟಿಗೆ ಬಿದ್ದರೆ ಕಪ್ಪೂ ನಮ್ಮದು, ಕೆಲಸವೂ ಕಾಯಂ!

‘ಏನ್ ಗುರು, ತಮ್ಮಂಗೆ ಅಂತ ಊದ್ಬಿಟ್ಯಾ? ಕಳ್ಳ ರೆಫರಿ!’ ಎಂದು ಜನ ಬೊಬ್ಬೆ ಹಾಕಿದರು. ನಿಮ್ಮ ತಾತನ ಮುಖ ಬಾಡಿಹೋಯಿತು.

ಮೈದುನ ಧೂಳು ಕೊಡವಿಕೊಂಡು ಎದ್ದ. ‘ಅಣ್ಣಾ, ಅವ್ನು ಮುಟ್ಟೇ ಇಲ್ಲ. ನಾನೇ ಬಿದ್ದೆ.’ ಮೈದಾನದಲ್ಲಿ ಅವರನ್ನು ಅಣ್ಣಾ ಎಂದು ಕರೆದದ್ದು ಅದೇ ಮೊದಲು.

‘ಊದಿದ್ದಾಯ್ತು. ಎಸಿ,’ ಎಂದರು ಇವರು.

ಎಸೆದ. ಒಂದು ಚೆಂಡು ಕ್ಯಾಂಟೀನಿನ ಶೀಟಿನ ಮೇಲೆ, ಇನ್ನೊಂದು ಕಾಂಪೌಂಡಿನಾಚೆ! ಜನ ಹೊಟ್ಟೆ ಹಿಡಿದು ನಕ್ಕರು. ಕಣ್ಣು ಮುಚ್ಚಿಕೊಂಡು ಬುಟ್ಟಿಗೆ ಹಾಕಬಲ್ಲವನು ಅವನು! ನಾನು ಬೆರಗಾಗಿ ನಿಂತೇ ಇದ್ದೆ.

ಕೆಲಸ ಹೋಯಿತು. ದಾಸರಹಳ್ಳಿಯ ಲೇಥ್ ಶೆಡ್ ಸೇರಿದ. ಆದರೆ ಬೀಳುವುದನ್ನು ಬಿಟ್ಟನೇ? ನಮ್ಮ ಮನೆಗೆ ಬಂದಾಗಲೆಲ್ಲ ಹೊಸಿಲಲ್ಲಿ ಬೇಕೆಂದೇ ಉರುಳುವನು. ನಿಮ್ಮ ತಾತ ಪೇಪರಿನಿಂದ ತಲೆಯೆತ್ತದೆ ಸೀಟಿ ಊದುವರು. ಆಮೇಲೆಯೇ ಅವನು ಏಳುವುದು, ನಾನು ಕಾಫಿಗಿಡುವುದು.

ನಿಮ್ಮ ತಾತನನ್ನು ಹೊತ್ತುಕೊಂಡು ಹೊರಟ ದಿನ ಅದೇ ಹೊಸಿಲಲ್ಲಿ ನಾನು ಬಿದ್ದೆ. ನನಗೆ ಚೆನ್ನಾಗಿ ಬೀಳಲು ಬರುವುದಿಲ್ಲ; ಸದ್ದಿಲ್ಲದೆ ಬಿದ್ದೆ. ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು, ಅದರ ಮೇಲೆ ಮೈದುನನ ಕೈ.

‘ಏಳಿ ಅತ್ಗೆ,’ ಎಂದ. ‘ಇನ್ನು ಊದೋರು ಯಾರೂ ಇಲ್ಲ.’

ಅವತ್ತಿನಿಂದ ಅವನು ನಮ್ಮ ಹೊಸಿಲನ್ನು ನೆಟ್ಟಗೆ ದಾಟುತ್ತಾನೆ. ನೋಡಲಾಗುವುದಿಲ್ಲ. ಮಕ್ಕಳೇ, ಈ ಹಾಳೆಗಳ ಜೊತೆಗೆ ತಾತನ ಸೀಟಿಯನ್ನೂ ಇಟ್ಟಿದ್ದೇನೆ. ಎರಡನ್ನೂ ಜೋಪಾನ ಮಾಡಿ. ನೀವು ಊದುತ್ತೀರೆಂದು ಗೊತ್ತಾದರೆ ಅವನು ಮತ್ತೆ ಬೀಳುತ್ತಾನೆ.