ಓಝೋನ್ ಕಾಯುವ ಮಾಸ್ತರನ ಫ್ರಿಜ್ಜು

ಜಗತ್ತನ್ನು ಉದ್ಧಾರ ಮಾಡುವುದು ಬಹಳ ಸುಲಭ. ಒಂದು ಕರಿಹಲಗೆ, ಅದರ ಮೇಲೆ ಬರೆಯಲು ಒಂದು ಖಡು, ಎದುರು ಮಾತಾಡದ ಐವತ್ತು ಮಕ್ಕಳಿದ್ದರೆ ಸಾಕು. ಹತ್ತರಗಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಪ್ರತಿ ವರ್ಷ ಒಂದೇ ಪೀರಿಯಡ್ಡಿನಲ್ಲಿ ಓಝೋನ್ ಪದರವನ್ನು ಕಾಪಾಡುತ್ತ ಬಂದಿದ್ದೇನೆ. ಹಳೇ ಫ್ರಿಜ್ಜಿನ ಗ್ಯಾಸು ಮೇಲೇರಿ ಆ ಪದರವನ್ನು ತಿನ್ನುತ್ತದೆ, ಅದಕ್ಕೇ ಮಾಂಟ್ರಿಯಲ್ಲಿನಲ್ಲಿ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡವು ಎನ್ನುವಾಗ, ಸಹಿ ಹಾಕಿದವನು ನಾನೇ ಎಂಬಂತೆ ಎದೆ ಉಬ್ಬುತ್ತದೆ. ಅದೇ ಗ್ಯಾಸಿನ ಫ್ರಿಜ್ಜು, ಮಾವನವರು ಮದುವೆಯಲ್ಲಿ ಕೊಟ್ಟದ್ದು, ನಮ್ಮ ಅಡುಗೆಮನೆಯಲ್ಲೇ ಇದೆಯೆಂದು ಮಾತ್ರ ಮಕ್ಕಳಿಗೆ ಹೇಳಿರಲಿಲ್ಲ. ಎಲ್ಲವೂ ಸಿಲೆಬಸ್ಸಿನಲ್ಲಿ ಇರುವುದಿಲ್ಲವಲ್ಲ.

ಮೊನ್ನೆ ಬೆಳಿಗ್ಗೆ ಅದು ತಣ್ಣಗಾಗುವುದನ್ನೇ ಬಿಟ್ಟಿತು. ಬರೀ ಹಾಲು, ಹಿಟ್ಟು ಇದ್ದಿದ್ದರೆ ಚಿಂತೆಯಿರಲಿಲ್ಲ. ಒಳಗೆ ಬಾಜೂ ಮನೆಯ ಯಲ್ಲಪ್ಪ ಕಾಕಾನ ಕುರಿಗಳ ಲಸಿಕೆಯಿತ್ತು. ಮರುದಿನ ದನದ ಡಾಕ್ಟರು ಬಂದು ಇಡೀ ಹಿಂಡಿಗೆ ಸೂಜಿ ಹಾಕುವವರಿದ್ದರು. ಲಸಿಕೆ ಬಿಸಿಯಾದರೆ ಬರೀ ನೀರು. ಹಿಂಡಿಗೆ ಬೇನೆ ಹೊಕ್ಕರೆ ಕಾಕಾನ ಬದುಕೇ ಹೋದಂತೆ. ಓಣಿಯಲ್ಲಿ ನಾಲ್ಕು ಹೊಸ ಫ್ರಿಜ್ಜುಗಳಿದ್ದರೂ "ಸೈನ್ಸ್ ಮಾಸ್ತರ ಮನ್ಯಾಗ ಇದ್ರ ಚಿಂತಿ ಇಲ್ಲ" ಎಂದು ಅವನು ನಮ್ಮಲ್ಲೇ ತಂದಿಟ್ಟಿದ್ದ. ಪಾಪ!

ಗೋಕಾಕದಿಂದ ಮೆಕ್ಯಾನಿಕ್ ದಸ್ತಗೀರ ಬಂದ. "ಈ ಗ್ಯಾಸ್ ಬಂದ್ ಆಗೇತ್ರಿ ಸರ್. ಬದ್ಲಿ ಬಂದದ್ದು ಭೂಮಿ ಬಿಸಿ ಮಾಡ್ತೈತಂತ, ಅದನ್ನೂ ಕಡಿಮಿ ಮಾಡಾಕತ್ತಾರ. ಈಗಿಂದು ಚಲೋ ಐತಿ, ಖರೆ ಒಲಿ ಗ್ಯಾಸಿನಂಗ ಉರಿ ಹತ್ತತೈತಿ" ಎಂದ. ಆಕಾಶ ಕೆಡಬೇಕೋ, ಭೂಮಿ ಬಿಸಿಯಾಗಬೇಕೋ, ಅಡುಗೆಮನೆ ಉರಿಯಬೇಕೋ? ಮನುಕುಲದ ಇಷ್ಟು ವರ್ಷಗಳ ಹುಡುಕಾಟದ ಫಲ ನನ್ನ ಮುಂದೆ ಬಂದು ನಿಂತಿತ್ತು.

ಅವನು ಪೈಪಿಗೆ ಇಕ್ಕಳ ಹಚ್ಚಿದ. ನಾನು ಹೌಹಾರಿ ಅವನ ಕೈ ಹಿಡಿದೆ. "ಒಳಗಿನ ಗ್ಯಾಸ್ ಗಾಳಿಗೆ ಬಿಡತಿ ಏನಪಾ? ಸಿಲಿಂಡರಿನ್ಯಾಗ ಹಿಡದು ತುಂಬು!"

"ಅದಕ್ಕ ಬ್ಯಾರೆ ಮಷೀನ್ ಬೇಕ್ರಿ. ಬೆಳಗಾವಿಂದ ತರಬೇಕು."

"ತಾ!" ಎಂದೆ. ಅಷ್ಟಕ್ಕೆ ಬಿಡುವ ಜಾತಿಯೇ ನನ್ನದು? ಸೂರ್ಯನ ಕಿರಣ, ಚರ್ಮರೋಗ, ಮುಂದಿನ ಪೀಳಿಗೆ ಎಂದು ಪೂರಾ ಪಾಠ ಒಪ್ಪಿಸಿದೆ. ಸುದ್ದಿ ತಿಳಿದು ಓಡಿ ಬಂದಿದ್ದ ಕಾಕಾ ಬೆವರು ಒರೆಸಿಕೊಂಡು "ಮಾಸ್ತರ, ಆಕಾಶ ಆಮ್ಯಾಲೆ ನೋಡೂಣ್ರಿ. ನನ್ನ ಔಷಧ ಬಿಸಿ ಆಗಾಕತ್ತೈತಿ" ಎಂದು ಕೈ ಮುಗಿದ. ಎಂಥ ಸಣ್ಣ ವಿಚಾರದ ಮನುಷ್ಯ ಎಂದು ನನಗೆ ಮರುಕ ಬಂತು. ಅಷ್ಟರಲ್ಲಿ ನನ್ನ ಹೆಂಡತಿ ಯಾವ ಭಾಷಣವನ್ನೂ ಮಾಡದೆ ಹೋಗಿ ಕೂಲ್ ಡ್ರಿಂಕ್ಸ್ ಅಂಗಡಿಯಿಂದ ಐಸ್ ತಂದು, ಲಸಿಕೆಯನ್ನು ಥರ್ಮಾಸಿಗೆ ಹಾಕಿ ಮುಚ್ಚಳ ಬಿಗಿದಿದ್ದಳು.

ನನ್ನ ಸಮಾಧಾನಕ್ಕೆಂದು ದಸ್ತಗೀರ ಪೈಪಿಗೆ ಮೀಟರು ಹಚ್ಚಿದ. ಮುಳ್ಳು ಏಳಲೇ ಇಲ್ಲ. "ಗ್ಯಾಸ್ ಇದ್ರ ಅಲ್ಲೇನ್ರಿ ಹಿಡಿಯೂದು?" ಎಂದವನೇ ಫ್ರೀಜರಿಗೆ ಬ್ಯಾಟರಿ ಬಿಟ್ಟು, "ಇಲ್ಲಿ ನೋಡ್ರಿ ತೂತು. ಯಾರೋ ಚುಚ್ಚ್ಯಾರ" ಎಂದ.

ಹೆಂಡತಿ ನನ್ನ ಮುಖ ನೋಡಿದಳು. "ನಿನ್ನೆ ಸಂಜಿಕ ಲಸಿಕಿಗೆ ಜಾಗಾ ಮಾಡ್ತೇನಿ ಅಂತ ಕುರಪಿ ತಗೊಂಡು ಐಸ್ ಕೆತ್ತಿದವರು ಯಾರ್ರಿ? ಸುಸ್ಸಂತ ಸಪ್ಪಳ ಬಂತು ಅಂತ ನಾ ಅಂದ್ರ, ಥಂಡಿ ಗಾಳಿ ಹೊರಗ ಬಂತು, ಅದು ಸೈನ್ಸು ಅಂದ್ರಿ."

ಕಳೆ ಕೀಳುವ ಕುರಪಿಯಿಂದ ಓಝೋನ್ ಪದರಕ್ಕೆ ಕೈ ಹಾಕಿದ ಮೊದಲ ವಿಜ್ಞಾನಿ ನಾನೇ ಇರಬೇಕು. ಹೇಗಾದರೂ ಮಾನ ಉಳಿಸಿಕೊಳ್ಳಬೇಕಲ್ಲ, "ಕಾಕಾ, ನಾಳೆ ಕುರಿ ಹಿಡಿಯಾಕ ನಾನೂ ಬರ್ತೇನ್ರಿ" ಎಂದೆ.

ಕಾಕಾ ಥರ್ಮಾಸನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದ. "ಬ್ಯಾಡ್ರಿ ಮಾಸ್ತರ. ಸೂಜಿ ಡಾಕ್ಟರ್ ಹಾಕ್ತಾರ. ನೀವು ಚುಚ್ಚಿದ್ದು ಸಾಕು."