ಫ್ರೀಜರಿನ ಖೀಮಾ ಉಂಡೆ ಮತ್ತು ನನ್ನ ಬುಧವಾರ

ದುಡಿದು ಸಂಜೆ ಮನೆಗೆ ಬರುವ ಹೆಂಗಸರಿಗೆ ಹಸಿವೆ ಹೊಟ್ಟೆಗಿಂತ ಮೊದಲು ತಲೆಯಲ್ಲಿ ಹುಟ್ಟುತ್ತದೆ; ಅದೂ ತಮ್ಮದಲ್ಲ, ಮನೆಯಲ್ಲಿ ಕಾದು ಕೂತವರದು. ಹುಮನಾಬಾದಿನ ಕಚೇರಿ ಮುಗಿಸಿ ಬಸವಕಲ್ಯಾಣದ ಬಸ್ಸು ಹತ್ತಿದರೆ, ರಾಜೇಶ್ವರ ದಾಟುತ್ತಿದ್ದಂತೆ ನನಗೆ ‘ಇವತ್ತು ರಾತ್ರಿ ಏನು ಮಾಡಲಿ’ ಎಂಬ ಪ್ರಶ್ನೆ ಶುರುವಾಗುತ್ತಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕರೂ ಹೊರಗಿನ ತೊಗರಿ ಹೊಲ ಕಣ್ಣಿಗೆ ಬೀಳುತ್ತಿರಲಿಲ್ಲ, ಮನೆಯ ಬುಟ್ಟಿಯಲ್ಲಿ ಬಾಡುತ್ತಿರುವ ಬದನೆಕಾಯಿಯೇ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸಿನ ಚೀಲದಿಂದ ಮೆಂತ್ಯೆ ಸೊಪ್ಪು ಇಣುಕಿದರೆ, ಇವಳ ಮನೆಯ ಪ್ರಶ್ನೆ ಬಗೆಹರಿದಿದೆಯಲ್ಲ ಎಂದು ಗುರುತು ಪರಿಚಯವಿಲ್ಲದ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ಬಸ್ಸಿನಲ್ಲೇ ಅಡಿಗೆ ಮಾಡಿದ ಮೇಲೆ ಒಂದು ದಿನ ನಾನು ಹಟ ತೊಟ್ಟೆ. ವಾರದಲ್ಲಿ ಒಂದೇ ಒಂದು ಸಂಜೆಯಾದರೂ ಯೋಚನೆಯಿಲ್ಲದೆ, ಹೆಚ್ಚದೆ, ಅರೆಯದೆ ಊಟ ತಯಾರಾಗಬೇಕು. ಆಗಲೇಬೇಕು.

ಹಟಕ್ಕೆ ಕಾರಣ ಎರಡು. ಎರಡು ಸಾವಿರದ ಇಸವಿ ದಾಟಿ ಆಗಷ್ಟೇ ಒಂದೆರಡು ವರ್ಷವಾಗಿತ್ತು, ನಮ್ಮ ಮನೆಗೆ ಫ್ರಿಜ್ಜು ಬಂದಿತ್ತು. ಅದನ್ನು ಪಡಸಾಲೆಯಲ್ಲಿ, ತುಳಜಾ ಭವಾನಿಯ ಕ್ಯಾಲೆಂಡರಿನ ಕೆಳಗೆ ನಿಲ್ಲಿಸಿ, ತಲೆಯ ಮೇಲೆ ಕಸೂತಿಯ ಬಟ್ಟೆ ಹಾಸಿ, ಬಂದವರಿಗೆಲ್ಲ ತೋರಿಸಿದ್ದೂ ಆಗಿತ್ತು. ಒಳಗೆ ಇದ್ದದ್ದು ಮಾತ್ರ ನೀರಿನ ಬಾಟಲಿ, ಮೊಸರು ಮತ್ತು ಎದುರು ಮನೆಯವರು ಕೊಟ್ಟು ಮರೆತ ಮಲ್ಲಿಗೆ ದಂಡೆ. ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ತುಟಿಗೆ ಬಣ್ಣ ಹಚ್ಚಿಕೊಂಡ ಹೆಂಗಸೊಬ್ಬಳು ಫ್ರೀಜರು ತೆಗೆದು, ಕಲ್ಲಿನಂತಿದ್ದ ಖೀಮಾ ಉಂಡೆಗಳನ್ನು ಕುದಿಯುವ ಗ್ರೇವಿಗೆ ಹಾಕಿ, ಕೈ ಒರೆಸಿಕೊಂಡು ನಕ್ಕಳು. ಅಷ್ಟೇ. ಊಟ ಆಗಿಹೋಯಿತು. ಅವಳ ಸೀರೆಯ ಮಡಿಕೆ ಕೂಡ ಮುರಿದಿರಲಿಲ್ಲ. ಆ ನಗು ನನಗೆ ಬೇಕೆನಿಸಿತು.

ಎರಡನೆಯ ಕಾರಣ ಮೊಪೆಡ್. ನಮ್ಮ ಮನೆಯವರು ಮಾಸ್ತರರು. ಅವರು ನನಗಾಗಿ ಯಾರಿಂದಲೋ ಒಂದು ಹಳೆಯ ಮೊಪೆಡ್ ತಂದಿದ್ದರು. ಅದನ್ನು ಓಡಿಸಲು ಕಲಿತರೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಓಡುವುದು ತಪ್ಪುತ್ತಿತ್ತು. ಆದರೆ ಕಲಿಯಲು ಬೆಳಕಿರುವ ಒಂದು ಸಂಜೆ ಬೇಕು, ಸಂಜೆಯೆಲ್ಲ ಅಡಿಗೆಯ ಪಾಲು. ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ಹಳೆಯ ಚಾದರ ಹೊದ್ದು ಮಲಗಿತ್ತು. ಮುಡಬಿಯಲ್ಲಿರುವ ನನ್ನ ಮೈದುನ ಬಂದಾಗಲೆಲ್ಲ ಆ ಚಾದರ ಎತ್ತಿ ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ.

ಭಾನುವಾರವೇ ಖೀಮಾ ಉಂಡೆ ಕಟ್ಟಿಟ್ಟು, ಬುಧವಾರ ಸಂಜೆ ಕೋಟೆ ಹತ್ತಿರದ ಬಯಲಿನಲ್ಲಿ ಗಾಡಿ ಕಲಿತು ಬಂದು, ಆಮೇಲೆ ಅಡಿಗೆ ಮಾಡುತ್ತೇನೆಂದು ನಾನು ಅತ್ತೆಯವರ ಮುಂದೆ ವಿಷಯ ಇಟ್ಟೆ. ಬುಧವಾರವೇ ಏಕೆಂದರೆ ನಮ್ಮ ಮನೆಯಲ್ಲಿ ಸೋಮವಾರ ಶಿವನದು, ಮಂಗಳವಾರ ಭವಾನಿಯದು, ಅಂದು ಅತ್ತೆಯವರ ಉಪವಾಸ. ಗುರುವಾರ ಗುರುವಿನದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಮಾರುತಿಯದು. ಯಾವ ದೇವರೂ ಕೈಯಿಡದೆ ಉಳಿದದ್ದು ಭಾನುವಾರ ಮತ್ತು ಬುಧವಾರ. ಮಾಂಸ, ನಮ್ಮ ಮಾತಿನಲ್ಲಿ ಖಂಡ, ತಿನ್ನಲು ನಮಗೆ ಅವೆರಡೇ ಗತಿ.

“ಭಾನುವಾರ ಮಾಡಿದ್ದು ಬುಧವಾರ ತಿನ್ನೂದೇನು? ತಂಗಳಾ?” ಎಂದರು ಅತ್ತೆ.

“ಕಡಕ ರೊಟ್ಟಿ ಬಡದು ಡಬ್ಬಿ ತುಂಬಿ ತಿಂಗಳಾನುಗಟ್ಟಲೆ ಇಡ್ತೀರಿ, ಅದು ತಂಗಳ ಅಲ್ಲೇನ್ರಿ ಅತ್ತಿ?” ಎಂದೆ ನಾನು.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಸೆ ಹುಮನಾಬಾದಿಗೆ ಹೋಗಿ ಬಂದು ಮಾತು ಕಲಿತಿದ್ದಾಳೆ ಎಂಬ ನೋಟ ಅದು. ಆಮೇಲೆ ತೀರ್ಪು ಕೊಟ್ಟರು. “ಆತು. ದೀಪಾ ಹಚ್ಚಿದ ಮ್ಯಾಲ ಒಲಿ ಮುಂದ ನಿಂತು, ನನಗ ಹೊಟ್ಟಿ ಚುರುಗುಟ್ಟೂದ್ರಾಗ ಬಡಸಬೇಕು. ಎಲ್ಲಾರೂ ಹೊಟ್ಟಿ ತುಂಬ ಉಣಬೇಕು. ಹಂಗ ಆದ್ರ ಬುಧವಾರದ ಸಂಜಿ ನಿಂದು. ಇಲ್ಲಂದ್ರ ಗಾಡಿ ಮುಡಬಿಗಿ ಹೋಗ್ತದ ನೋಡು.”

ಮುಡಬಿಯ ಮೈದುನನ ಮುಖ ಕಣ್ಣ ಮುಂದೆ ಬಂತು. ಸತ್ತರೂ ಗಾಡಿ ಬಿಟ್ಟುಕೊಡುವವಳಲ್ಲ ನಾನು ಎಂದುಕೊಂಡೆ.

ಭಾನುವಾರ ಬೆಳಿಗ್ಗೆಯಿಂದ ಸೆರಗು ಸಿಕ್ಕಿಸಿ ನಿಂತೆ. ನಮ್ಮ ಪಕ್ಕದ ಮನೆಯ ಜುಲೇಖಾಬೀಗೆ ಓಣಿಯೆಲ್ಲ ಖಾಲಾ ಎನ್ನುತ್ತದೆ. ಖಾಲಾನ ತಮ್ಮನದೇ ಮಟನ್ ಅಂಗಡಿ. ಅಲ್ಲಿಂದ ನುಣ್ಣಗೆ ಕೊಚ್ಚಿಸಿದ ಖೀಮಾ ತರಿಸಿದೆ. ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಹಸಿಮೆಣಸು, ಕಟ್ಟಿಕೊಳ್ಳಲೆಂದು ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು ಹಾಕಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದೆ. ಉಳ್ಳಾಗಡ್ಡಿ ಸುಟ್ಟು, ಒಣಕೊಬ್ಬರಿ, ಎಳ್ಳು ಹುರಿದು, ರುಬ್ಬಿ, ಎಣ್ಣೆ ಬಿಡುವ ತನಕ ತಾಳಿಸಿ ಮಸಾಲೆಯನ್ನೂ ಬೇರೆ ಬಾಟಲಿಗೆ ತುಂಬಿದೆ. ಬುಧವಾರದ ಅರ್ಧ ತಾಸು ಉಳಿಸಲು ಭಾನುವಾರ ಪೂರ್ತಿ ಹೋಯಿತು ಎಂದು ನೀವು ಲೆಕ್ಕ ಹಾಕುತ್ತಿರಬಹುದು. ದಯವಿಟ್ಟು ಹಾಕಬೇಡಿ. ನಾನೂ ಹಾಕಲಿಲ್ಲ.

ಉಂಡೆಗಳನ್ನು ಸ್ಟೀಲ್ ಡಬ್ಬಿಗೆ ತುಂಬುವಾಗ ಅತ್ತೆ ಬಂದು ನಿಂತರು.

“ಇವು ಬುಧವಾರ ತನಕ ಎಲ್ಲಿ ಇರತಾವ?”

“ಫ್ರೀಜರ್‌ನ್ಯಾಗ್ರಿ.”

“ಫ್ರೀಜರ್ ಎಲ್ಲಿ ಅದ?”

“ಪಡಸಾಲ್ಯಾಗ.”

“ಪಡಸಾಲಿ ಎಲ್ಲಿ ಅದ?”

ಎಲ್ಲಿಗೆ ಕರೆದೊಯ್ಯುತ್ತಿದ್ದಾರೆಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. “ಮನ್ಯಾಗ” ಎಂದೆ.

“ಸೋಮವಾರ ಮನ್ಯಾಗ ಖಂಡ ಇಟ್ಕೊಂಡು ನಾ ಹ್ಯಾಂಗ ಪೂಜಾ ಮಾಡ್ಲಿ? ಮಂಗಳವಾರ ಆಕಿ ಮಾರಿ ಕೆಳಗ ಖಂಡ ಇಟ್ಟು ಹ್ಯಾಂಗ ಉಪಾಸ ಇರ್ಲಿ?” ಎಂದು ಕ್ಯಾಲೆಂಡರಿನ ಭವಾನಿಯನ್ನು ತೋರಿಸಿದರು.

“ಐಸಿನ್ಯಾಗ ಇದ್ದದ್ದು ಮನ್ಯಾಗ ಇದ್ದಂಗಲ್ರಿ ಅತ್ತಿ” ಎಂದುಬಿಟ್ಟೆ. ಇದನ್ನು ಯಾವ ಶಾಸ್ತ್ರದಲ್ಲಿ ಓದಿದ್ದೆನೋ ದೇವರಿಗೇ ಗೊತ್ತು. ಅತ್ತೆ ಏನೂ ಅನ್ನದೆ ಒಳಗೆ ಹೋದರು. ಗೆದ್ದೆ ಎಂದುಕೊಂಡು ಫ್ರೀಜರಿನ ಬಾಗಿಲು ಹಾಕಿದೆ. ಅತ್ತೆಯಂದಿರು ಸುಮ್ಮನಾದರೆ ಸೊಸೆ ಗೆದ್ದಳು ಎಂದು ತಿಳಿಯುವುದು ಎಂಥ ತಿಳಿಗೇಡಿತನ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಬುಧವಾರ ಬಂತು. ಬಸ್ಸಿನಲ್ಲಿ ರಾಜೇಶ್ವರ ದಾಟಿದರೂ ಪ್ರಶ್ನೆ ಏಳಲಿಲ್ಲ. ಕಿಟಕಿಯಿಂದ ಹೊಲ ಕಂಡಿತು! ಬಿಳಿಜೋಳ ಕೊಯ್ದು ಒಣ ದಂಟಿನ ಕಣಿಕೆ ಕಟ್ಟಿಟ್ಟಿದ್ದರು. ಎಷ್ಟು ಚೆಂದವಿದೆ ನಮ್ಮ ಸೀಮೆ ಎಂದು ಮೊದಲ ಸಲ ಅನ್ನಿಸಿತು. ಬಯಲಿನಲ್ಲಿ ಮನೆಯವರು ಗಾಡಿ ಹಿಡಿದು ಕಾಯುತ್ತಿದ್ದರು. ನಾನು ಹತ್ತಿದೆ, ಅವರು ಹಿಂದೆ ಹಿಡಿದು ಓಡಿದರು. ಗಾಡಿ ಬಿಡುವುದು ಬಹಳ ಬೇಗ ಕಲಿತೆ. ನಿಲ್ಲಿಸುವುದು ಮಾತ್ರ ಬರಲಿಲ್ಲ. “ಬ್ರೇಕ್ ಹಿಡೀ, ಬ್ರೇಕ್!” ಎಂದು ಅವರು ಶಾಲೆಯ ದನಿಯಲ್ಲಿ ಕೂಗುತ್ತಿದ್ದರೆ, ನಾನು ಬಯಲನ್ನು ಸುತ್ತು ಹಾಕುತ್ತಲೇ ಇದ್ದೆ. ಕೊನೆಗೆ ಯಾರದೋ ಕಣಿಕೆ ಬಣವೆ ನನ್ನನ್ನು ನಿಲ್ಲಿಸಿತು. ಪೆಟ್ಟೇನೂ ಆಗಲಿಲ್ಲ. ಅಂಗೈ ತರಚಿತು, ಜಡೆಯ ತುಂಬ ಒಣಗರಿಯ ರವದಿ ಸಿಕ್ಕಿಕೊಂಡಿತು. ನನ್ನನ್ನೂ ಗಾಡಿಯನ್ನೂ ಎಳೆದು ತೆಗೆಯುವಷ್ಟರಲ್ಲಿ ಕತ್ತಲಾಯಿತು.

ಮನೆಗೆ ಬಂದರೆ ಕರೆಂಟಿಲ್ಲ. ಅತ್ತೆ ಪಡಸಾಲೆಯಲ್ಲಿ ಮೇಣಬತ್ತಿ ಹಚ್ಚಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಚುರುಗುಟ್ಟುವುದು ಇನ್ನೇನು ಶುರುವಾಗಲಿದೆ ಎಂಬುದಕ್ಕೆ ಅದು ಸೂಚನೆ. ಫ್ರಿಜ್ಜಿನ ಹತ್ತಿರ ಹೋದಾಗ ಭವಾನಿಯ ಕ್ಯಾಲೆಂಡರು ಗೋಡೆಗೆ ಮುಖ ಮಾಡಿ ತೂಗುತ್ತಿದ್ದದ್ದು ಕಂಡಿತು. ಗಾಳಿಗೆ ತಿರುಗಿರಬೇಕು ಎಂದುಕೊಂಡು ಸರಿಮಾಡಿ, ಡಬ್ಬಿ ತೆಗೆದುಕೊಂಡು ಒಳಗೆ ಓಡಿದೆ.

ಮಸಾಲೆ ನೀರಿನೊಂದಿಗೆ ಕುದಿಯತೊಡಗಿತು. ಡಬ್ಬಿಯ ಮುಚ್ಚಳ ಮಂಜುಗಟ್ಟಿ ಕೂತಿತ್ತು. ಕಟ್ಟೆಗೆ ಕುಟ್ಟಿ ತೆಗೆದು, ಬೆಳ್ಳಗೆ ಹಿಮ ಮೆತ್ತಿದ ಉಂಡೆಗಳನ್ನು ಒಂದೊಂದಾಗಿ ಕುದಿಯುವುದರೊಳಗೆ ಬಿಟ್ಟೆ. ನನ್ನ ಕೈಯಿಂದ ಉಂಡೆ ಇಷ್ಟು ದುಂಡಗೆ ಬಂದಿತ್ತಲ್ಲ ಎಂದು ಆ ಗಡಿಬಿಡಿಯಲ್ಲೂ ಹೆಮ್ಮೆಯಾಯಿತು. ಟೀವಿಯವಳಂತೆ ಕೈ ಒರೆಸಿಕೊಂಡು ನಕ್ಕೆ. ಅಂಗೈ ಉರಿಯಿತು. ನಗು ಮುಗಿಸಿ ನೋಡಿದರೆ ಉಂಡೆಗಳ ಅಂಚು ಒಡೆಯುತ್ತಿತ್ತು. ಇನ್ನೊಮ್ಮೆ ನೋಡುವಷ್ಟರಲ್ಲಿ ಅರ್ಧ ಕರಗಿ, ಗ್ರೇವಿ ಮಂದವಾಗುತ್ತ ಬಂತು. ಪುಟಾಣಿ ಹಿಟ್ಟು ಕಡಿಮೆಯಾಗಿತ್ತೇನೋ ಎಂದುಕೊಂಡೆ. ಆದರೂ ಬಿಡಲಿಲ್ಲ. ಒಡೆದರೆ ಒಡೆಯಲಿ, ಖೀಮಾ ಗ್ರೇವಿ ಎಂದು ಬಡಿಸುತ್ತೇನೆ, ಗಾಡಿಯಂತೂ ಮುಡಬಿಗೆ ಹೋಗುವುದಿಲ್ಲ ಎಂದು ಸೌಟಿನಿಂದ ಮತ್ತಷ್ಟು ತಿರುವಿದೆ.

ಕಡಕ ರೊಟ್ಟಿ ಮುರಿದಿಟ್ಟು, ಮೇಲೆ ಗ್ರೇವಿ ಸುರಿದು ಬಡಿಸಿದೆ. ಮನೆಯವರು ತಲೆ ಎತ್ತದೆ ಉಣ್ಣತೊಡಗಿದರು, ಓಡಿ ಓಡಿ ಹಸಿದಿದ್ದರು. ಅತ್ತೆ ಒಂದು ತುತ್ತು ಉಂಡರು. ಇನ್ನೊಂದು ಉಂಡರು. ಬೆರಳಿನಿಂದ ತಟ್ಟೆಯಲ್ಲಿ ಹುಡುಕಾಡಿದರು.

“ಖಂಡ ಎಲ್ಲಿ ಅದ?”

“ಕರಗೇದರಿ ಅತ್ತಿ.”

“ಖಂಡ ಹ್ಯಾಂಗ ಕರಗತದ? ಬೆಲ್ಲ ಏನದು?” ಎಂದವರು ಚಪ್ಪರಿಸಿ, “ಬೆಲ್ಲಾನೇ ಅದ ಇದು!” ಎಂದರು. ಸೌಟು ಕಸಿದುಕೊಂಡು ಪಾತ್ರೆಯ ತಳ ಕೆದಕಿದರು. ಕರಗದೆ ಉಳಿದಿದ್ದ ಅರ್ಧ ಉಂಡೆಯೊಂದು ಸಿಕ್ಕಿತು. ಮೇಣಬತ್ತಿಯ ಬೆಳಕಿಗೆ ಹಿಡಿದು, ಮೂಸಿ, ಬಾಯಿಗಿಟ್ಟುಕೊಂಡರು. “ಶೇಂಗಾದ ಉಂಡಿ! ಜುಲೇಖಾಬೀ ಮನೀದು. ಏಲಕ್ಕಿ ಆಕೀನೇ ಹಾಕೂದು.”

ಮನೆಯವರ ಕೈ ಬಾಯಿಯ ಹತ್ತಿರ ನಿಂತಿತು. ನಾನು ಅತ್ತೆಯವರನ್ನೇ ನೋಡಿದೆ. ಅವರು ಕ್ಯಾಲೆಂಡರಿನ ಕಡೆ ನೋಡಿದರು. ಆಮೇಲೆ ನಡೆದದ್ದೆಲ್ಲ ಒಂದೊಂದಾಗಿ ಹೊರಬಂತು. ಸೋಮವಾರ ನಾನು ಬಸ್ಸು ಹತ್ತಿದ್ದೇ ತಡ, ಅವರು ಇಕ್ಕಳದಿಂದ ಡಬ್ಬಿ ಹಿಡಿದು ಒಯ್ದು, ಖಾಲಾನ ಸೊಸೆಯ ಕೈಗೆ ಕೊಟ್ಟು, ಪೂಜೆಗೆ ಹೊತ್ತಾಯಿತೆಂದು, ಇಟ್ಟಿರಿ ಎಂಬ ಮಾತೂ ಹೇಳದೆ ಬಂದುಬಿಟ್ಟಿದ್ದರು. ಬುಧವಾರ ತರಿಸಿಕೊಂಡರಾಯಿತು ಎಂಬುದು ಅವರ ಯೋಚನೆ. ಆದರೆ ಮಂಗಳವಾರ ದೀಪ ಹಚ್ಚುವ ಹೊತ್ತಿಗೇ ಡಬ್ಬಿ ವಾಪಸ್ಸು ಬಂತು. ಉಪವಾಸದ ದಿನ ಖಂಡದ ಡಬ್ಬಿ ಬಾಗಿಲಿಗೆ! ಭವಾನಿಯನ್ನು ಗೋಡೆಗೆ ತಿರುಗಿಸಿ, ಕಣ್ಣು ಮುಚ್ಚಿ, ಅದೇ ಇಕ್ಕಳದಿಂದ ಫ್ರೀಜರಿಗೆ ತಳ್ಳಿದ್ದರು. ತೆರೆದು ನೋಡುವ ಮಾತೇ ಇರಲಿಲ್ಲ.

ನಮ್ಮ ಗದ್ದಲ ಗೋಡೆ ದಾಟಿರಬೇಕು. ಆ ಕಡೆಯಿಂದ ಖಾಲಾನ ದನಿ ಬಂತು. “ಬೇಟಿ, ಕೋಫ್ತಾ ಭಾಳ ಮಜಾ ಆಗಿತ್ತವಾ! ಸೋಮವಾರಾನೇ ಮಾಡಿ ಎಲ್ಲಾರೂ ತಿಂದ್ವಿ. ಅವ್ವಾರ, ಉಂಡಿ ತಿಂದ್ರೇನ್ರಿ? ಮಂಗಳವಾರ ನಿಮ್ದು ಉಪಾಸ ಇರ್ತದ, ಶೇಂಗಾ ನಡೀತದ ಅಂತ ಮಾಡಿ ಕಳ್ಸಿದೆ. ಡಬ್ಬಿ ಖಾಲಿ ಹ್ಯಾಂಗ ಕಳ್ಸೂದ್ರಿ?”

ತಪ್ಪು ಯಾರದೆಂದು ಹುಡುಕಿದರೆ ಒಬ್ಬರೂ ಸಿಗಲಿಲ್ಲ. ನಮ್ಮ ಓಣಿಯಲ್ಲಿ ಪಕ್ಕದ ಮನೆಯಿಂದ ಬಂದ ಡಬ್ಬಿ ಎಂದರೆ ಪಾಲು. ಅದನ್ನು ಬರಿದಾಗಿ ಮರಳಿಸುವುದು ಕೇಡು. ಖಾಲಾ ಅದನ್ನೇ ಮಾಡಿದ್ದಳು. ಅತ್ತೆಯವರ ಉಪವಾಸ ಕೂಡ ನೆನಪಿಟ್ಟಿದ್ದಳು. ಅದನ್ನು ಕೇಳಿ ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಜೊತೆಗೇ ನನ್ನ ಭಾನುವಾರವನ್ನು ಅವರು ಸೋಮವಾರವೇ ತಿಂದು ಮುಗಿಸಿದರಲ್ಲ ಎಂದು ಸಿಟ್ಟೂ ಬಂತು. ಎರಡನ್ನೂ ನುಂಗಿ ತೀರ್ಪಿಗೆ ಕಾದು ನಿಂತೆ.

ಅತ್ತೆ ಇನ್ನೊಂದು ರೊಟ್ಟಿ ಮುರಿದುಕೊಂಡರು. “ಬದನಿಕಾಯಿ ಎಣ್ಣಿಗಾಯಿಗೂ ಶೇಂಗಾ, ಬೆಲ್ಲ ಹಾಕ್ತೀವಲ್ಲ. ಇದು ಕಾಯಿ ಇಲ್ಲದ ಎಣ್ಣಿಗಾಯಿ. ಇನ್ನೊಂದು ಸೌಟು ಹಾಕು.” ಹಾಕಿದೆ. “ಹೊತ್ತಿಗಿ ಬಡಸೀದಿ, ಎಲ್ಲಾರೂ ಉಂಡೀವಿ. ಮಾತಂದ್ರ ಮಾತು. ಬುಧವಾರ ನಿಂದು” ಎಂದರು. ಕೈ ತೊಳೆಯಲು ಏಳುವಾಗ ನಿಂತು ಕೇಳಿದರು: “ಆದ್ರ ಶೇಂಗಾದ ಉಂಡಿಗಿ ಫ್ರಿಜ್ಜು ಯಾತಕ್ಕ ಬೇಕವಾ?”

ನಾನು ಪಾತ್ರೆಯ ತಳ ಕೆರೆದು ಉಳಿದದ್ದನ್ನು ನನ್ನ ತಟ್ಟೆಗೆ ಹಾಕಿಕೊಂಡೆ.

ಮುಂದಿನ ಸೋಮವಾರ ಸಂಜೆ ಖಾಲಾ ಗೋಡೆಯ ಮೇಲಿಂದ, “ಡಬ್ಬಿ ಬರಲಿಲ್ಲ ಇವತ್ತ?” ಎಂದು ಕೇಳಿದಳು. ಅದರ ಮುಂದಿನ ಭಾನುವಾರ ಮತ್ತೆ ಖೀಮಾ ನಾದಿದೆ. ಅಂದಿನಿಂದ ಅದೊಂದು ಕಟ್ಟಳೆಯಾಯಿತು. ಭಾನುವಾರ ನಾನು ಉಂಡೆ ಕಟ್ಟುವುದು, ಸೋಮವಾರ ಬೆಳಿಗ್ಗೆ ಡಬ್ಬಿ ಖಾಲಾನ ಮನೆಗೆ, ಮಂಗಳವಾರ ಶೇಂಗಾ ಉಂಡೆ ತುಂಬಿಕೊಂಡು ನಮ್ಮ ಮನೆಗೆ. ಅತ್ತೆಯವರ ಉಪವಾಸಕ್ಕೆ ಆಗಿ ಉಳಿದದ್ದು ಬುಧವಾರದ ಗ್ರೇವಿಗೆ. ಗಾಡಿ ನಿಲ್ಲಿಸುವುದನ್ನೂ ಕಲಿತೆ. ಬಸ್‌ಸ್ಟ್ಯಾಂಡಿಗೆ ಭರ್ರನೆ ಹೋಗತೊಡಗಿದೆ, ಮುಡಬಿಯ ಮೈದುನ ಬಂದರೆ ಬೇಕೆಂದೇ ಹಾರ್ನ್ ಬಾರಿಸುತ್ತಿದ್ದೆ.

ಹುಮನಾಬಾದಿನ ಕಚೇರಿಯಲ್ಲಿ ಹೆಂಗಸರು, ಬುಧವಾರ ಇಷ್ಟು ನಗುನಗುತ್ತ ಮನೆಗೆ ಹೋಗುತ್ತೀರಲ್ಲ, ಆ ಸುಲಭದ ಅಡಿಗೆ ನಮಗೂ ಹೇಳಿಕೊಡಿ ಎಂದು ಗಂಟು ಬಿದ್ದರು. ನಾನು ಗಂಭೀರವಾಗಿ ಹೇಳಿದೆ: “ಮೊದಲಿಗಿ ಭಾನುವಾರ ಇಡೀ ದಿವಸ ಕೂತು ಖೀಮಾ ಉಂಡಿ ಮಾಡ್ರಿ. ಆಮ್ಯಾಲ ಅವನ್ನ ಪಕ್ಕದ ಮನಿಗಿ ಕೊಟ್ಟುಬಿಡ್ರಿ.” ಅವರು ನಕ್ಕರು, ತಮಾಷೆ ಎಂದುಕೊಂಡರು. ನನ್ನ ಫ್ರೀಜರಿನ ಖೀಮಾ ಉಂಡೆ ಗ್ರೇವಿಯಲ್ಲಿ ಹೇಗಿರುತ್ತದೆ ಎಂದು ಒಬ್ಬಳು ಕೇಳಿದಳು. ಇಷ್ಟು ವಾರ ಹಟ ಹಿಡಿದು ಮಾಡಿದರೂ ನಾನು ಅದನ್ನು ಒಮ್ಮೆಯೂ ತಿಂದಿರಲಿಲ್ಲ. ಖಾಲಾನನ್ನು ಕೇಳಿ ಹೇಳುತ್ತೇನೆ ಎಂದೆ.